ಸಿಫಿಲಿಸ್‌ಗೆ ಎಲೈಸಾ ಟೆಸ್ಟ್ ಡೆವಲಪ್ ಮಾಡೋರು ಮೊದಲು ಸೀರಮ್ ಕಡೆ ನೋಡಿ

ಸಿಫಿಲಿಸ್‌ಗೆ ಹೊಸ ಎಲೈಸಾ, ಅಂದ್ರೆ ರಕ್ತದಲ್ಲಿರೋ ಆಂಟಿಬಾಡಿನ ಬಣ್ಣದಿಂದ ಪತ್ತೆ ಮಾಡೋ ಟೆಸ್ಟ್, ಮಾಡೋಕೆ ಹೊರಟೋರು ಆಂಟಿಜನ್ (ಆಂಟಿಬಾಡಿ ಅಂಟಿಕೊಳ್ಳೋ ರೋಗಾಣುವಿನ ಪ್ರೋಟೀನ್) ಬಗ್ಗೇನೇ ತಲೆ ಕೆಡಿಸ್ಕೊಳ್ತಾರೆ, ಆದ್ರೆ ನಿಮ್ ಟೆಸ್ಟಿನ ಹಣೆಬರಹ ಬರೆಯೋದು ಸೀರಮ್ (ರಕ್ತ ಹೆಪ್ಪುಗಟ್ಟಿದ್ಮೇಲೆ ಉಳಿಯೋ ತಿಳಿ ದ್ರವ) ಸ್ಯಾಂಪಲ್‌ಗಳು. ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡು ಅವನ್ನ ಮೊದಲು ಕೂಡಿಸಿ. ಸೆಕೆಂಡರಿ ಹಂತದವರ ರಕ್ತದಲ್ಲಿ ಆಂಟಿಬಾಡಿ ಧಾರಾಳವಾಗಿರುತ್ತೆ, ಬರೀ ಅವರನ್ನೇ ಇಟ್ಕೊಂಡ್ರೆ ಯಾವ ಟೆಸ್ಟಾದ್ರೂ ಚೆನ್ನಾಗೇ ಕಾಣುತ್ತೆ, ಹಾಗಾಗಿ ಈಗಷ್ಟೇ ಹುಣ್ಣು ಕಾಣಿಸ್ಕೊಂಡ ಪ್ರೈಮರಿ ಹಂತದವರು, ಲಕ್ಷಣವೇ ಇಲ್ಲದ ಲೇಟೆಂಟ್ ಹಂತದವರು, ಚಿಕಿತ್ಸೆ ಮುಗಿಸಿದವರು ಎಲ್ಲರೂ ಬೇಕು. ನೆಗೆಟಿವ್‌ಗೆ ಆರೋಗ್ಯವಂತ ರಕ್ತದಾನಿಗಳಷ್ಟೇ ಸಾಲಲ್ಲ, ಗರ್ಭಿಣಿಯರು, ಲೂಪಸ್, ಮಲೇರಿಯಾ, ಲೈಮ್ ರೋಗ ಇರೋರ ಸೀರಮ್ಮೂ ಸೇರಿಸಿ, ಸುಳ್ಳು ಪಾಸಿಟಿವ್ ಕಾಟ ಬರೋದು ಇಂಥ ಕಡೆಯಿಂದಾನೇ.

ಸಿಫಿಲಿಸ್ ತರೋ ಬ್ಯಾಕ್ಟೀರಿಯಾ ಟ್ರೆಪೊನೆಮಾ ಪ್ಯಾಲಿಡಮ್ 1905ರಲ್ಲೇ ಪತ್ತೆಯಾದ್ರೂ ಅದನ್ನ ಲ್ಯಾಬಲ್ಲಿ ದೀರ್ಘಕಾಲ ಬೆಳೆಸೋ ದಾರಿ ಸಿಕ್ಕಿದ್ದು 2018ರಲ್ಲಿ, ಅದೂ ಮೊಲದ ಜೀವಕೋಶಗಳ ಜೊತೆಗೆ. ಹಾಗಾಗಿ ಆಂಟಿಜನ್ ಆಗಿ ಬಳಸೋ ಅದರ 15, 17, 47 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಪ್ರೋಟೀನ್‌ಗಳನ್ನ ಇ. ಕೋಲೈ ಬ್ಯಾಕ್ಟೀರಿಯಾದಲ್ಲೇ ತಯಾರಿಸ್ಕೊಳ್ಳಿ, ಮೂರೂ ಕೊಬ್ಬು ಅಂಟಿಕೊಂಡಿರೋ ಲಿಪೊಪ್ರೋಟೀನ್‌ಗಳು, ಸಿಗ್ನಲ್ ಭಾಗ ತೆಗೆದು ಕ್ಲೋನ್ ಮಾಡಿದ್ರೆ ಕರಗೋ ಪ್ರೋಟೀನ್ ಸಿಗೋ ಸಾಧ್ಯತೆ ಜಾಸ್ತಿ. ಇಲ್ಲೊಂದು ವಿಷಯ ತುಂಬಾ ಜನ ಮರೀತಾರೆ: ಇ. ಕೋಲೈ ಎಲ್ಲರ ಕರುಳಲ್ಲೂ ಇರುತ್ತೆ, ಅದರ ವಿರುದ್ಧ ಆಂಟಿಬಾಡಿ ರಕ್ತದಲ್ಲಿ ಮೊದಲೇ ಇರುತ್ತೆ, ನಿಮ್ ಪ್ರೋಟೀನಲ್ಲಿ ಇ. ಕೋಲೈ ಕೊಳೆ ಸ್ವಲ್ಪ ಉಳಿದಿದ್ರೂ ಸಾಕು ಆರೋಗ್ಯವಂತರ ಸೀರಮ್ ಹಾಕಿದ ವೆಲ್ಲೂ (ಪ್ಲೇಟಿನ ಗುಳಿ) ಹಳದಿ, ಅಂದ್ರೆ ಪಾಸಿಟಿವ್, ಆಗುತ್ತೆ. ಸೀರಮ್ ಡೈಲ್ಯೂಟ್ ಮಾಡೋ ಬಫರಿಗೆ ಇ. ಕೋಲೈ ಲೈಸೇಟ್ (ಒಡೆದ ಜೀವಕೋಶಗಳ ರಸ) ಸೇರಿಸಿ, ಆ ಆಂಟಿಬಾಡಿಗಳು ಅದಕ್ಕೇ ಅಂಟಿಕೊಂಡುಬಿಡಲಿ, ಖಾಲಿ ವೆಕ್ಟರ್ (ನಿಮ್ ಪ್ರೋಟೀನಿನ ಜೀನ್ ಇಲ್ಲದ ಡಿಎನ್ಎ) ಹಾಕಿದ ಇ. ಕೋಲೈ ಲೈಸೇಟ್ ಕೋಟ್ ಮಾಡಿದ ವೆಲ್‌ಗಳನ್ನೂ ಪಕ್ಕದಲ್ಲಿ ಓಡಿಸಿ ನೋಡಿ.

ಪ್ಲೇಟ್ ಕೆಲಸ ಮಾಮೂಲಿ. ಮಿಲಿಲೀಟರಿಗೆ 1–2 ಮೈಕ್ರೋಗ್ರಾಂ ಆಂಟಿಜನ್, ಪಿಎಚ್ 9.6 ಕಾರ್ಬೊನೇಟ್ ಬಫರಲ್ಲಿ ರಾತ್ರಿಯಿಡೀ 4 ಡಿಗ್ರಿಲಿ ಕೋಟ್ ಮಾಡಿ, ಬಿಎಸ್ಎ (ದನದ ಸೀರಮ್ ಪ್ರೋಟೀನ್) ಹಾಕಿ ಉಳಿದ ಖಾಲಿ ಜಾಗ ಬ್ಲಾಕ್ ಮಾಡಿ, ಸೀರಮ್ 1:100ರಿಂದ ಶುರು ಮಾಡಿ, ಎಚ್ಆರ್‌ಪಿ ಕಾಂಜುಗೇಟ್ (ಮನುಷ್ಯರ ಆಂಟಿಬಾಡಿ ಹಿಡಿಯೋ, ಎಂಜೈಮ್ ಅಂಟಿಸಿದ ಆಂಟಿಬಾಡಿ), ಆಮೇಲೆ ಬಣ್ಣ ಕೊಡೋ ಟಿಎಂಬಿ ಹಾಕಿ, ಆಸಿಡ್ ಹಾಕಿ ನಿಲ್ಲಿಸಿ 450 ನ್ಯಾನೋಮೀಟರಲ್ಲಿ ಓದಿ. ಈ ಅಳತೆಗಳೆಲ್ಲ ಶುರು ಮಾಡೋಕಷ್ಟೇ, ಚೆಕರ್‌ಬೋರ್ಡ್ ಮಾಡಿ (ಆಂಟಿಜನ್, ಸೀರಮ್ ಎರಡರ ಅಳತೆನೂ ಬದಲಿಸ್ತಾ ಹೋಲಿಸಿ) ನಿಮ್ಮದನ್ನ ನೀವೇ ಕಂಡ್ಕೊಳ್ಳಿ. ಕಾಂಜುಗೇಟ್ ಬರೀ ಐಜಿಜಿ ಅನ್ನೋ ಬಗೆಯ ಆಂಟಿಬಾಡಿ ಹಿಡಿಯೋದಾದ್ರೆ ಶುರುವಿನ ಸೋಂಕು ತಪ್ಪಿಹೋಗಬಹುದು, ಮೊದಲು ಹುಟ್ಟೋ ಐಜಿಎಂ ಕೂಡ ಹಿಡಿಯೋ ಹಾಗಿರಲಿ.

ಕಟ್-ಆಫ್ (ಪಾಸಿಟಿವ್ ಅನ್ನೋಕೆ ದಾಟಬೇಕಾದ ಅಂಕಿ) ಒಂದು ಗುಂಪಿನ ಸ್ಯಾಂಪಲ್ ಮೇಲೆ ಗೊತ್ತು ಮಾಡಿ, ಅದು ಸರಿನಾ ಅಂತ ನೋಡೋದು ಬೇರೆ ಗುಂಪಿನ ಮೇಲೆ, ಅದೂ ಯಾವುದು ಪಾಸಿಟಿವ್ ಅಂತ ಓದೋರಿಗೆ ಗೊತ್ತಿಲ್ಲದ ಹಾಗೆ ಕೋಡ್ ಹಾಕಿ. ಸೆನ್ಸಿಟಿವಿಟಿ (ಸೋಂಕಿದ್ದೋರನ್ನ ಹಿಡಿಯೋದು), ಸ್ಪೆಸಿಫಿಸಿಟಿ (ಸೋಂಕಿಲ್ಲದೋರನ್ನ ನೆಗೆಟಿವ್ ಅನ್ನೋದು) ಎರಡೂ 98% ಬಂತು ಅಂತ ಖುಷಿಪಡೋಕೆ ಮುಂಚೆ ಈ ಲೆಕ್ಕ ಹಾಕಿ: 10,000 ಜನರಲ್ಲಿ 100 ಜನಕ್ಕೆ ಸೋಂಕಿದ್ರೆ ನಿಜವಾದ ಪಾಸಿಟಿವ್ 98, ಸುಳ್ಳು ಪಾಸಿಟಿವ್ 198. ಅಂದ್ರೆ ಪಾಸಿಟಿವ್ ಅಂತ ಹೇಳಿಸ್ಕೊಂಡ ಮೂವರಲ್ಲಿ ಇಬ್ಬರಿಗೆ ಕಾಯಿಲೇನೇ ಇಲ್ಲ, ಮನೇಲಿ ಅವರಿಗಾಗೋ ಸಂಕಟ ಯೋಚಿಸಿ!

ಇನ್ನೊಂದು, ಈ ಆಂಟಿಬಾಡಿಗಳು ಚಿಕಿತ್ಸೆ ಆದ್ಮೇಲೂ ಬಹುತೇಕರಲ್ಲಿ ಜೀವನಪೂರ್ತಿ ಉಳಿಯುತ್ತೆ. ಗುಣ ಆಗಿದ್ಯಾ ಅನ್ನೋದನ್ನ ನಿಮ್ ಎಲೈಸಾ ಹೇಳಲ್ಲ, ಅದಕ್ಕೆ ಆರ್‌ಪಿಆರ್ ಅನ್ನೋ ಬೇರೆ ರಕ್ತಪರೀಕ್ಷೆಯ ಟೈಟರ್ (ಸೀರಮ್ ಎಷ್ಟು ತೆಳು ಮಾಡಿದ್ರೂ ಪಾಸಿಟಿವ್ ಬರುತ್ತೆ ಅನ್ನೋ ಅಳತೆ) ನೋಡ್ಬೇಕು, 1:32 ಇದ್ದಿದ್ದು 1:8ಕ್ಕೆ ಇಳಿದ್ರೆ ಔಷಧಿ ಕೆಲಸ ಮಾಡ್ತಿದೆ ಅಂತ. ಕಿಟ್ ಜೊತೆ ಕೊಡೋ ಹಾಳೆಯಲ್ಲಿ ಇದನ್ನ ದಪ್ಪಕ್ಷರದಲ್ಲಿ ಹಾಕಿ.