ಟ್ಯಾಪೆಟ್ ಟಕಟಕ ಅನ್ನದಿದ್ದರೂ ಒಮ್ಮೆ ನೋಡಿ

ದ್ರಾಕ್ಷಿ ಸಾಲಿನ ನಡುವೆ ಓಡುವ ಚಿಕ್ಕ ಟ್ರ್ಯಾಕ್ಟರ್ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ನಾವು ಮೊದಲು ಬೈಯುವುದು ಬ್ಯಾಟರಿಯನ್ನು. ಟ್ಯಾಪೆಟ್ ನೆನಪಾಗುವುದು ಸದ್ದು ಬಂದಾಗ ಮಾತ್ರ. ಟ್ಯಾಪೆಟ್ ಗ್ಯಾಪ್ ಅಂದರೆ ವಾಲ್ವನ್ನು ಒತ್ತಿ ತೆರೆಯುವ ತೋಳು, ಅಂದರೆ ರಾಕರ್, ಮತ್ತು ವಾಲ್ವ್ ತುದಿಯ ನಡುವಿನ ಸಂದು. ಅದು ಜಾಸ್ತಿಯಾದರೆ ಟಕಟಕ ಅನ್ನುತ್ತದೆ, ಗೊತ್ತಾಗುತ್ತದೆ. ಕಡಿಮೆಯಾದರೆ ಇಂಜಿನ್ ತೆಪ್ಪಗಿರುತ್ತದೆ. ಒಳಗೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಒತ್ತಿದ ಗಾಳಿ) ಸೋರುತ್ತದೆ. ಬಿಸಿ ಗಾಳಿ ನುಗ್ಗಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಡುತ್ತದೆ. ಆಮೇಲೆ ಹೆಡ್ ಬಿಚ್ಚುವ ಖರ್ಚು.

ಮೂರು ಸಿಲಿಂಡರಿನ ಕುಬೋಟಾ ಡಿ1105 ಇಂಜಿನ್ನನ್ನೇ ತೆಗೆದುಕೊಳ್ಳೋಣ. ಇದರ ಗ್ಯಾಪ್ 0.145ರಿಂದ 0.185 ಮಿ.ಮೀ. ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಮಾಡುವುದು ಒಳ್ಳೆಯದು. ಬೇರೆ ಇಂಜಿನ್ ಆದರೆ ಅಳತೆಯೂ ಫೈರಿಂಗ್ ಆರ್ಡರೂ (ಸಿಲಿಂಡರುಗಳು ಉರಿಯುವ ಸರದಿ) ಬೇರೆ ಇರಬಹುದು, ಮ್ಯಾನ್ಯುಯಲ್ ನೋಡಿ.

ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಟ್ಯಾಪೆಟ್ ಕವರ್ ಸುತ್ತಲಿನ ಧೂಳನ್ನು ಒರೆಸಿದ ಮೇಲೇ ಕವರ್ ಬಿಚ್ಚಿ. ಗ್ಲೋ ಪ್ಲಗ್ ತೆಗೆದಿಟ್ಟರೆ ಇಂಜಿನ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ.

ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಫ್ಲೈವೀಲ್‌ನ ‘1ಟಿಸಿ’ ಗುರುತು (ಮೊದಲ ಪಿಸ್ಟನ್ ಪೂರ್ತಿ ಮೇಲಿದೆ ಅನ್ನುವ ಗುರುತು) ಕಿಂಡಿಯಲ್ಲಿ ಸರಿಯಾಗಿ ಬರಬೇಕು. ಬಹಳ ಜನ ಎಡವುವುದು ಇಲ್ಲೇ. ಈ ಗುರುತು ಎರಡು ಸುತ್ತಿನಲ್ಲಿ ಎರಡು ಸಲ ಬರುತ್ತದೆ, ನಮಗೆ ಬೇಕಾದದ್ದು ಮೊದಲ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವ ಸಲ ಮಾತ್ರ. ಮೊದಲ ಸಿಲಿಂಡರಿನ ಎರಡೂ ರಾಕರ್‌ಗಳನ್ನು ಬೆರಳಲ್ಲಿ ಅಲ್ಲಾಡಿಸಿ. ಎರಡೂ ಚೂರು ಸಡಿಲವಿದ್ದರೆ ಸರಿ. ಇಲ್ಲದಿದ್ದರೆ ಇನ್ನೊಂದು ಪೂರ್ತಿ ಸುತ್ತು.

ಈಗ ಒಂದನೆಯದರ ಎರಡೂ ವಾಲ್ವ್, ಎರಡನೆಯದರ ಎಕ್ಸಾಸ್ಟ್, ಮೂರನೆಯದರ ಇನ್‌ಲೆಟ್ (ಗಾಳಿ ಒಳಬಿಡುವ ವಾಲ್ವ್) ನೋಡಿ. ಫೈರಿಂಗ್ ಆರ್ಡರ್ 1-2-3 ಇರುವುದರಿಂದ ಈ ನಾಲ್ಕೂ ಮುಚ್ಚಿರುತ್ತವೆ. ಮತ್ತೊಂದು ಸುತ್ತು ತಿರುಗಿಸಿ ಉಳಿದ ಎರಡನ್ನು ಮುಗಿಸಿ.

ಗ್ಯಾಪ್ ಅಳೆಯುವ ತೆಳು ಬ್ಲೇಡುಗಳ ಸೆಟ್ಟಾದ ಫೀಲರ್ ಗೇಜಿನ 0.15 ಬ್ಲೇಡನ್ನು ರಾಕರ್‌ಗೂ ವಾಲ್ವ್‌ನ ತುದಿಗೂ ನಡುವೆ ತೂರಿಸಿ. ದಪ್ಪ ಪುಸ್ತಕದ ನಡುವಿನಿಂದ ಕಾಗದ ಎಳೆದಾಗ ಸ್ವಲ್ಪ ಹಿಡಿಯುತ್ತದಲ್ವಾ, ಅಷ್ಟು ಹಿಡಿತ ಸಾಕು. 0.20 ಬ್ಲೇಡ್ ಹೋಗಲೇಬಾರದು. ಅಳತೆ ತಪ್ಪಿದ್ದರೆ ರಿಂಗ್ ಸ್ಪ್ಯಾನರಿನಲ್ಲಿ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಡ್ರೈವರಿನಲ್ಲಿ ಸ್ಕ್ರೂ ತಿರುಗಿಸಿ. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಕಳ್ಳತನದಲ್ಲಿ ತಿರುಗುತ್ತದೆ. ಹಾಗಾಗಿ ಸ್ಕ್ರೂ ಡ್ರೈವರ್ ಒತ್ತಿ ಹಿಡಿದೇ ಬಿಗಿ ಮಾಡಿ, ಮತ್ತೆ ಬ್ಲೇಡ್ ಹಾಕಿ ನೋಡಿ. ಬೇಸರವಾದರೂ ಆರಕ್ಕೆ ಆರನ್ನೂ ಹೀಗೇ ನೋಡಬೇಕು.

ಕವರಿನ ಪ್ಯಾಕಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ. ಹಳೆಯದನ್ನೇ ಕೂರಿಸಿ ಬೋಲ್ಟ್ ಜಾಸ್ತಿ ಬಿಗಿದರೆ ಎಣ್ಣೆ ಸೋರುವುದೇನೂ ನಿಲ್ಲುವುದಿಲ್ಲ. ತೆಗೆದಿಟ್ಟ ಗ್ಲೋ ಪ್ಲಗ್, ಬ್ಯಾಟರಿ ವೈರ್ ಮತ್ತೆ ಹಾಕಿ, ಇಂಜಿನ್ ಶುರು ಮಾಡಿ ಹತ್ತು ನಿಮಿಷ ಓಡಿಸಿ, ಕವರಿನ ಅಂಚು ಒದ್ದೆಯಾಗಿದೆಯೇ ನೋಡಿ. ಸಣ್ಣಗೆ ಟಿಕ್ ಟಿಕ್ ಕೇಳಿಸಿತು ಅಂತ ಮತ್ತೆ ಕವರ್ ಬಿಚ್ಚಿ ಸ್ಕ್ರೂ ಬಿಗಿ ಮಾಡಲು ಹೋಗಬೇಡಿ.