ಡಬ್ಬಿ ಮಾಡಿದ ಮೇಲೆ ಕಾಣಿಸಿದ ನಾಲಿಗೆ

ನಮ್ಮ ಪೇಟೆಯ ಲ್ಯಾಬಿನ ಹುಡುಗ ಮೊದಮೊದಲು ನನ್ನ ಚೀಟಿ ನೋಡಿ ನಗುತ್ತಿದ್ದ. "ಡಾಕ್ಟರೇ, ನಾಲಿಗೆ ನೋಡಿ ಬಿ-12 ಪರೀಕ್ಷೆ ಬರೆಯುತ್ತೀರಿ, ಮುಂದೆ ಅಂಗೈ ನೋಡಿ ಸಕ್ಕರೆ ಹೇಳುತ್ತೀರೇನು?" ಎಂದು ಒಮ್ಮೆ ಕೇಳಿಯೂಬಿಟ್ಟ. ಜೊತೆಯಲ್ಲಿ ಓದಿದ ವೈದ್ಯರೂ ಹಾಗೆಯೇ. ನಮ್ಮ ಆಯುರ್ವೇದದಲ್ಲಿ ರೋಗಿಯ ಎಂಟು ಅಂಶ ನೋಡುವ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಗೆ ಇರುವ ಮರ್ಯಾದೆ ಜಿಹ್ವೆಗೆ, ಅಂದರೆ ನಾಲಿಗೆಗೆ, ಎಂದೂ ಸಿಕ್ಕಿಲ್ಲ. ಈಗ ಅದೇ ಹುಡುಗ ವರದಿ ಕೈಗೆ ಬಂದ ಕೂಡಲೇ ಫೋನ್ ಮಾಡಿ, "ಈ ಸಲ ಎಷ್ಟೆಂದು ಬರೆದಿಟ್ಟಿದ್ದೀರಿ?" ಎನ್ನುತ್ತಾನೆ. ಇಷ್ಟಾದ ಮೇಲೆ ಬರೆಯದಿದ್ದರೆ ಹೇಗೆ?

ಶಿರಸಿ ಕಡೆಯಲ್ಲಿ ನನ್ನ ಚಿಕಿತ್ಸಾಲಯ. ಹನ್ನೆರಡು ವರ್ಷ ಎಲ್ಲರಂತೆ ನಾನೂ ನಾಲಿಗೆ ಚಾಚಿಸಿ, ಬಿಳಿ ಲೇಪ ಕಂಡರೆ 'ಸಾಮ', ಅಂದರೆ ಒಳಗೆ ಜೀರ್ಣವಾಗದ್ದು ಉಳಿದಿದೆ ಎಂದು ಗೀಚಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಪೆಟ್ಟು ಬಿದ್ದದ್ದು ಅಲ್ಲಿಯೇ. ಅರವತ್ತರ ಆಸುಪಾಸಿನ ಒಬ್ಬರು, ದಿನಕ್ಕೆ ಏಳೆಂಟು ಕವಳ (ಎಲೆ-ಅಡಿಕೆ), ಅದಕ್ಕೆ ತಂಬಾಕೂ ಸೇರಬೇಕು. ನಾಲಿಗೆಯ ಎಡ ಅಂಚಿನಲ್ಲಿ ಉಗುರಿನಷ್ಟು ಬಿಳಿ ಮಚ್ಚೆ. ಮೂರು ವಾರ ಪಾಚನ, ಅಂದರೆ ಜೀರ್ಣಕ್ಕೆ ನೆರವಾಗುವ ಔಷಧ ಕೊಟ್ಟೆ. ಲೇಪ ಹೋಯಿತು, ಮಚ್ಚೆ ಹೋಗಲಿಲ್ಲ. ಮಗಳು ಹುಬ್ಬಳ್ಳಿಗೆ ಕರೆದೊಯ್ದು ಚೂರು ತೆಗೆಸಿ ನೋಡಿಸಿದಾಗ ಲ್ಯೂಕೋಪ್ಲೇಕಿಯಾ, ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಬಿಳಿ ಮಚ್ಚೆ. ಜೀವಕೋಶಗಳು ಆಗಲೇ ಕೆಡತೊಡಗಿದ್ದವು. ಸಮಯಕ್ಕೆ ಸಿಕ್ಕಿದ್ದರಿಂದ ಅಷ್ಟು ಭಾಗವನ್ನು ಕತ್ತರಿಸಿ ತೆಗೆದರು. ಮಗಳು ನನ್ನನ್ನು ಬೈಯಲಿಲ್ಲ. ಮತ್ತೆ ನನ್ನ ಬಾಗಿಲಿಗೆ ಬರಲೂ ಇಲ್ಲ.

ಅಂದಿನಿಂದ ಮೇಜಿನ ಮೇಲೆ ಗಾಜ್ ಬಟ್ಟೆ ಇದೆ. ಒರೆಸಿದರೆ ಮೊಸರಿನಂತೆ ಎದ್ದು ಬಂದು ಕೆಳಗೆ ಕೆಂಪು ಕಂಡರೆ ಶಿಲೀಂಧ್ರದ ಕೆಲಸ. ಸಕ್ಕರೆ ಪರೀಕ್ಷೆ ಮಾಡಿಸುತ್ತೇನೆ, ಉಬ್ಬಸದವರಾದರೆ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸುತ್ತಾರೋ ಇಲ್ಲವೋ ಕೇಳುತ್ತೇನೆ. ಒರೆಸಿದರೂ ಬಾರದ ಬಿಳುಪಿಗೆ, ಎರಡು ವಾರವಾದರೂ ಮಾಯದ ಹುಣ್ಣಿಗೆ ನನ್ನಲ್ಲಿ ಔಷಧವಿಲ್ಲ, ದೊಡ್ಡ ಆಸ್ಪತ್ರೆಗೆ ಚೀಟಿ ಮಾತ್ರ.

ಫೋಟೊ ತೆಗೆದಿಡಬೇಕೆಂಬ ಹಟ ಹುಟ್ಟಿದ್ದೂ ಆಗಲೇ. ಆದರೆ ಒಂದೇ ನಾಲಿಗೆ ಬೆಳಿಗ್ಗೆ ಕಿಟಕಿಯ ಬಳಿ ಗುಲಾಬಿ, ಸಂಜೆ ಬಲ್ಬಿನ ಕೆಳಗೆ ಅರಿಸಿನ. ಮೊಬೈಲು ಬೇರೆ ತನ್ನಿಷ್ಟದಂತೆ ಬಣ್ಣ ತಿದ್ದುತ್ತದೆ. ರೋಸಿಹೋಗಿ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ನಲವತ್ತು ಸಾವಿರದ ಮೇಲೆ ಸುರಿದು, ನಾಲಿಗೆ ಓದಿ ವರದಿ ಕೊಡುವ ಯಂತ್ರ ತಂದೆ. ಯಾರು ಚಾಚಿದರೂ ಅದು 'ಪಿತ್ತ ಪ್ರಕೋಪ' ಎನ್ನುತ್ತಿತ್ತು. ಸಂಶಯ ಬಂದು ಒಂದು ಹೋಳು ಕಲ್ಲಂಗಡಿ ತೋರಿಸಿದೆ. ಅದಕ್ಕೂ ಪಿತ್ತವೇ. ಯಂತ್ರ ಈಗ ಅಟ್ಟದ ಮೇಲಿದೆ. ಕೊಳ್ಳುವವರಿದ್ದರೆ ಹೇಳಿ.

ಕೊನೆಗೆ ಕೈ ಹಿಡಿದದ್ದು ನಮ್ಮೂರಿನ ಬಡಗಿ ಮಾಡಿಕೊಟ್ಟ ಪ್ಲೈವುಡ್ ಡಬ್ಬಿ. ಒಳಗೆ ಹೊಳಪಿಲ್ಲದ ಬೂದು ಬಣ್ಣ, ಹಗಲು ಬಿಳುಪಿನ ಎರಡು ಎಲ್‌ಇಡಿ, ಗದ್ದ ಊರಲು ಒಂದು ಪಟ್ಟಿ, ಹಿಂದೆ ಮೊಬೈಲಿಗೆ ತೂತು. ಎಲ್ಲ ಸೇರಿ ಎರಡು ಸಾವಿರ ದಾಟಿರಲಿಕ್ಕಿಲ್ಲ. ಕ್ಯಾಮರಾದ ಬಣ್ಣ ತಿದ್ದುವ ವ್ಯವಸ್ಥೆಯನ್ನು ಒಂದೇ ಅಂಕಿಗೆ ಕಟ್ಟಿಹಾಕಿ, ನಾಲಿಗೆಯ ಪಕ್ಕದಲ್ಲಿ ಮೂರು ಕೆಂಪುಗಳ ಪಟ್ಟಿ ಇಟ್ಟು ಕ್ಲಿಕ್ಕಿಸುತ್ತೇನೆ. ಆ ಮೂರು ಕೆಂಪು ಯಾವುವು, ಬಲ್ಬುಗಳ ಓರೆ ಎಷ್ಟು ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಎರಡು ಮಳೆಗಾಲ ಹೋಗಿವೆ.

ಉಳಿದದ್ದು ಶಿಸ್ತು. ಬೆಳಗಿನ ಹೊತ್ತು, ಕವಳವಿಲ್ಲದೆ, ಕಾಫಿಗೆ ಮೊದಲು, ಮುಖ್ಯವಾಗಿ ನಾಲಿಗೆ ಹೆರೆಯದೆ ಬರಬೇಕು. ಚಾಚಿದ ಹತ್ತು ಸೆಕೆಂಡಿನೊಳಗೆ ಮುಗಿಸಬೇಕು. ಬಲವಾಗಿ ಚಾಚಿ ಹಿಡಿದರೆ ತುದಿ ಕೆಂಪಾಗುತ್ತದೆ, ಇನ್ನೂ ಹಿಡಿದರೆ ನೀಲಿಗೆ ತಿರುಗುತ್ತದೆ. ನಾಲ್ಕೈದು ತಿಂಗಳು ಆ ನೀಲಿಯನ್ನೇ ರೋಗವೆಂದು ಬರೆದುಕೊಂಡಿದ್ದೆ!

ನಡುವೆ ನನ್ನ ನಾಲಿಗೆಯ ಮೇಲೂ ಪ್ರಯೋಗ ನಡೆಯಿತು. ಬೀಟ್‌ರೂಟ್ ಪಲ್ಯದ ಬಣ್ಣ ಒಂದೆರಡು ಗಂಟೆಯಲ್ಲಿ ಹೋಯಿತು, ನೇರಳೆ ಹಣ್ಣಿನದು ರಾತ್ರಿಯವರೆಗೂ ಉಳಿಯಿತು. ಹದಿನೈದು ದಿನ ಹೆರೆಯದೆ ಬಿಟ್ಟೆ. ಹಿಂಭಾಗದಲ್ಲಿ ದಪ್ಪ ಲೇಪ, ಹಸಿವೆ ಮಾತ್ರ ಎಂದಿನಂತೆ. ಲೇಪ ಕಂಡ ಮಾತ್ರಕ್ಕೆ ಅಗ್ನಿಮಾಂದ್ಯ, ಅಂದರೆ ಜೀರ್ಣಶಕ್ತಿ ಕುಂದಿದೆ ಎನ್ನುವುದನ್ನು ಅಲ್ಲಿಗೆ ಬಿಟ್ಟೆ. ಹದಿನಾರನೆಯ ದಿನ ಹೆಂಡತಿ ತೆಂಗಿನ ಗರಿಯ ಕಡ್ಡಿ ಸೀಳಿ ಕೈಗೆ ಕೊಟ್ಟು, "ಇದು ಮುಗಿದ ಮೇಲೆ ಮಾತನಾಡಿಸಿ" ಎಂದಳು.

ಒಂದು ರಿಜಿಸ್ಟರ್ ಇಟ್ಟಿದ್ದೇನೆ. ನಾಲಿಗೆಯ ಬಣ್ಣ ನೋಡಿ ಹಿಮೋಗ್ಲೋಬಿನ್ ಎಷ್ಟಿರಬಹುದೆಂದು ಮೊದಲೇ ಬರೆದು, ಆಮೇಲೆ ಲ್ಯಾಬಿಗೆ ಕಳುಹಿಸುವುದು. ಡಬ್ಬಿಗೆ ಮುಂಚಿನ ಐವತ್ತು ಊಹೆಗಳಲ್ಲಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಡಬ್ಬಿ ಬಂದ ಮೇಲಿನ ಊಹೆಗಳು ಮುನ್ನೂರರ ಹತ್ತಿರ ಆಗಿರಬೇಕು. ಎಂಟಕ್ಕಿಂತ ಕೆಳಗಿರುವವರು ಈಗ ತಪ್ಪಿಸಿಕೊಳ್ಳುವುದು ಅಪರೂಪ. ಹತ್ತರಿಂದ ಹನ್ನೆರಡರ ನಡುವಿನವರು ಇವತ್ತಿಗೂ ನನ್ನನ್ನು ಸೋಲಿಸುತ್ತಾರೆ. ಹಣವಿಲ್ಲದವರ ಪರೀಕ್ಷೆಗೆ ಕೈಯಿಂದ ಕೊಟ್ಟದ್ದು ಇಪ್ಪತ್ತು ಸಾವಿರದ ಮೇಲೇ ಇದ್ದೀತು.

ಬಿ-12 ವಿಚಾರದಲ್ಲಿ ಮಾತ್ರ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ಒಬ್ಬ ಅಡಿಕೆ ತೋಟದ ಯಜಮಾನರು, ಶುದ್ಧ ಸಸ್ಯಾಹಾರಿ, ಹುಳಿತೇಗಿಗೆಂದು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ, ಸಕ್ಕರೆಗೆ ಮೆಟ್‌ಫಾರ್ಮಿನ್. ಎರಡೂ ದೀರ್ಘಕಾಲದಲ್ಲಿ ಬಿ-12 ಇಳಿಸುವಂಥವೇ. "ಇವರಿಗೆ ತಿಳಿಸಾರೂ ಉರಿಯುತ್ತದೆ, ತಂಬುಳಿ ಬಿಟ್ಟರೆ ಏನೂ ಇಳಿಯುವುದಿಲ್ಲ" ಎಂದು ಅವರ ಹೆಂಡತಿ ಹೇಳಿದರು. ಡಬ್ಬಿಯಲ್ಲಿ ನೋಡಿದರೆ ನಾಲಿಗೆ ಒದ್ದೆ ನೆಲದಂತೆ ಮಿನುಗುತ್ತಿತ್ತು. ಮೇಲಿನ ಸಣ್ಣ ಮುಳ್ಳುಗಳೆಲ್ಲ ಸವೆದು, ಹಸಿಮಾಂಸದ ಕೆಂಪು. ಬಿ-12 ಇಳಿದು ನರಗಳಿಗೂ ಏಟು ಬಿದ್ದಿರಬಹುದೆಂದು, ಪಾದ ಜುಮುಗುಡುತ್ತದೆಯೇ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ವರದಿ ನೂರರ ಸ್ವಲ್ಪ ಮೇಲೆ, ಇರಬೇಕಾದದ್ದಕ್ಕಿಂತ ತೀರಾ ಕಡಿಮೆ ಬಂತು. ಇಂಜೆಕ್ಷನ್‌ಗೆ ಪಕ್ಕದ ಎಂಬಿಬಿಎಸ್ ವೈದ್ಯರಲ್ಲಿಗೆ ಕಳುಹಿಸಿದೆ. ಒಂದು ತಿಂಗಳಾಗುವಷ್ಟರಲ್ಲಿ ಫೋಟೊದಲ್ಲಿ ಹೊಸ ಮುಳ್ಳುಗಳು ಕಂಡವು, ಬತ್ತದ ಸಸಿ ಮಡಿಯಲ್ಲಿ ಮೊಳಕೆ ಎದ್ದಂತೆ.

ಇನ್ನೊಬ್ಬ ಹೆಣ್ಣುಮಗಳನ್ನು ಅತ್ತೆ 'ಕರಿನಾಲಿಗೆ' ಎಂದು ಹಂಗಿಸುತ್ತಿದ್ದರು. ಕಪ್ಪು ಚುಕ್ಕೆ ನಮ್ಮ ಮೈಬಣ್ಣದವರಲ್ಲಿ ಸಹಜವಾಗಿಯೂ ಇರುತ್ತದೆ. ಇವಳಿಗೆ ಮಾತ್ರ ಅದು ಹೊಸದಾಗಿ ಬಂದದ್ದು, ಬೆರಳಿನ ಗೆಣ್ಣುಗಳೂ ಕಪ್ಪಾಗಿದ್ದವು. ಅಲ್ಲಿಯೂ ಬಿ-12 ಕಡಿಮೆ. ಕೆಲವು ತಿಂಗಳಲ್ಲಿ ಕಪ್ಪು ತಿಳಿಯಾಯಿತು. ಅತ್ತೆಯ ಬಾಯಿಯ ಸುದ್ದಿ ಗೊತ್ತಿಲ್ಲ.

ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ನಾಲಿಗೆಯ ಮೇಲೆ ಭೂಪಟದಂತೆ ಕೆಂಪು ಮಚ್ಚೆಗಳಾಗಿ, ವಾರಕ್ಕೊಂದು ಕಡೆ ಸರಿದಾಡುವುದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಒಬ್ಬ ಕಾಲೇಜು ಹುಡುಗಿಗೆ ಮೂರು ತಿಂಗಳು ಪಿತ್ತಶಮನ ಕೊಟ್ಟು ಹಣ ಪಡೆದಿದ್ದೇನೆ. ಒಂದೇ ಬೆಳಕಿನ ಆರು ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಔಷಧಕ್ಕೂ ಮಚ್ಚೆಗೂ ಸಂಬಂಧವಿಲ್ಲವೆಂದು ಗೊತ್ತಾಯಿತು.

ಕಳೆದ ವಾರ ತೋಟದ ಯಜಮಾನರು ಮತ್ತೆ ಬಂದಿದ್ದರು. ನಾನು ಹೇಳುವ ಮೊದಲೇ ಡಬ್ಬಿಯ ಮುಂದೆ ಕುಳಿತು, ಗದ್ದ ಊರಿ ನಾಲಿಗೆ ಚಾಚಿದರು. ಫೋಟೊ ತೆಗೆಯುತ್ತಾರೆಂದು ಬೆಳಿಗ್ಗೆಯೇ ಎರಡು ಸಲ ಚೆನ್ನಾಗಿ ಹೆರೆದುಕೊಂಡು ಬಂದಿದ್ದರು.