ಪೈನ್ ತೊಲೆ ಆರಿಸುವಾಗ ಗಂಟು ಎಲ್ಲಿದೆ ನೋಡಿ

ಪೈನ್, ಸ್ಪ್ರೂಸ್, ಫರ್ ಮರ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಮುದ್ರೆ, ಅಂದರೆ ಮರದ ಗುಣಮಟ್ಟದ ದರ್ಜೆ (ಗ್ರೇಡ್) ಹೇಳುವ ಅಚ್ಚು. ಅಮೆರಿಕದ ಮುದ್ರೆಯಲ್ಲಿ ಗ್ರೇಡಿಂಗ್ ಸಂಸ್ಥೆಯ ಗುರುತು, ಮಿಲ್ಲಿನ ನಂಬರ್, ಮರದ ಜಾತಿ, ಗ್ರೇಡ್, ತೇವ ಎಲ್ಲವೂ ಇರುತ್ತವೆ. ಎಸ್-ಡ್ರೈ ಅಂದರೆ ಮಿಲ್ಲಿನಲ್ಲಿ ಮೇಲ್ಮೈ ಹೆರೆದು ನಯ ಮಾಡುವಾಗ ತೇವ 19%ಕ್ಕಿಂತ ಜಾಸ್ತಿ ಇರಲಿಲ್ಲ. ಎಸ್-ಗ್ರೀನ್ ಇದ್ದರೆ ಹಸಿ ಮರ, ಮುಂದೆ ಕುಗ್ಗುತ್ತದೆ. ಗ್ರೇಡ್‌ಗಳಲ್ಲಿ ಸೆಲೆಕ್ಟ್ ಸ್ಟ್ರಕ್ಚರಲ್ ಮೇಲಿನದು, ಆಮೇಲೆ ನಂಬರ್ 1, 2, 3.

ಮುದ್ರೆ ಓದಿದ ಮೇಲೆ ಗಂಟು ನೋಡಿ. ಸುಮ್ನೆ ಎಣಿಸಬೇಡಿ, ಜಾಗ ನೋಡಿ. ತೊಲೆ ಮೇಲೆ ಭಾರ ಬಿದ್ದಾಗ ಮೇಲಿನ ಅಂಚು ಒತ್ತಿಕೊಳ್ಳುತ್ತದೆ, ಕೆಳಗಿನ ಅಂಚು ಎಳೆದುಕೊಳ್ಳುತ್ತದೆ. ನಡುವಿನ ಭಾಗಕ್ಕೆ ಅಷ್ಟು ಕಷ್ಟವಿಲ್ಲ. ಗಂಟಿನ ಸುತ್ತ ಮರದ ಎಳೆಗಳು ಬಳಸಿಕೊಂಡು ಹೋಗುತ್ತವೆ, ಅಂಚಿನಲ್ಲಿ ಹಾಗಾದರೆ ಮುರಿಯುವುದು ಅಲ್ಲಿಂದಲೇ. ಅದಕ್ಕೇ ನಾಲ್ಕಿಂಚು ಅಗಲದ ನಂಬರ್ 2 ಹಲಗೆಯಲ್ಲಿ ನಡುವೆ 2 ಇಂಚಿನ ಗಟ್ಟಿ ಗಂಟು ಇದ್ದರೂ ನಡೆಯುತ್ತದೆ, ಅಂಚಿನಲ್ಲಿ 1¼ ಇಂಚು ದಾಟುವಂತಿಲ್ಲ.

ಇನ್ನೊಂದು, ಮರದ ಎಳೆಗಳ ಓರೆ, ಅಂದರೆ ಎಳೆಗಳು ಹಲಗೆಯ ಉದ್ದಕ್ಕೆ ನೇರವಾಗಿ ಹೋಗದೆ ವಾಲಿರುವುದು. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಹಲಗೆಯ ಮೇಲೆ ಚೆಂದ ಕಾಣುವ ವರ್ಷದ ಗೆರೆಗಳನ್ನು ನಂಬಬೇಡಿ. ಒಣಗಿ ಬಿಟ್ಟ ಸಣ್ಣ ಬಿರುಕುಗಳನ್ನು ನೋಡಿ, ಅವು ಎಳೆಯ ದಾರಿಯಲ್ಲೇ ಓಡುತ್ತವೆ. ನಂಬರ್ 2ರಲ್ಲಿ 8 ಇಂಚು ಉದ್ದಕ್ಕೆ 1 ಇಂಚು ಓರೆ ಆಗಬಹುದು, ಸೆಲೆಕ್ಟ್ ಸ್ಟ್ರಕ್ಚರಲ್‌ಗೆ 12 ಇಂಚಿಗೆ 1. ಮೂಲೆಯಲ್ಲಿ ತೊಗಟೆ ಉಳಿದಿದ್ದರೆ ನನಗೆ ಅಷ್ಟು ಚಿಂತೆಯಿಲ್ಲ, ಮೊಳೆ ಕೂರಲು ಜಾಗ ಇದೆಯಾ ಅಂತ ನೋಡಿದರೆ ಸಾಕು. ಕೊಳೆತಿರುವುದನ್ನು ಮಾತ್ರ ಮುಟ್ಟಲೇಬೇಡಿ.

ಮೆಷಿನ್ ಗ್ರೇಡಿಂಗ್ ಬೇರೆ ಥರ. ಮೆಷಿನ್ ಹಲಗೆಯನ್ನು ಬಗ್ಗಿಸಿ ಬಿಗಿ, ಅಂದರೆ ಸುಲಭವಾಗಿ ಬಾಗದ ಗುಣ, ಅಳೆಯುತ್ತದೆ, ಗಂಟು-ಬಿರುಕನ್ನು ಆಮೇಲೂ ಕಣ್ಣಿಂದ ನೋಡುತ್ತಾರೆ. ಅಮೆರಿಕದ ಮುದ್ರೆಯಲ್ಲಿ 2100ಎಫ್-1.8ಇ ಅಂತಿದ್ದರೆ ಬಾಗುವಿಕೆಗೆ ಲೆಕ್ಕ ಹಿಡಿಯಬಹುದಾದ ಒತ್ತಡ ಚದರ ಇಂಚಿಗೆ 2100 ಪೌಂಡ್, ಬಿಗಿ ಅದೇ ಅಳತೆಯಲ್ಲಿ 18 ಲಕ್ಷ. ಯುರೋಪಿನ ಸಿ24 ಗ್ರೇಡ್‌ನಲ್ಲಿ 24 ಅಂದರೆ ಬಾಗುವಿಕೆ ತಾಳುವ ಬಲ, ಚದರ ಮಿಲಿಮೀಟರಿಗೆ ಅಷ್ಟು ನ್ಯೂಟನ್. ಆದರೆ ಅದು ನೂರರಲ್ಲಿ 95 ತುಂಡುಗಳಾದರೂ ತಾಳುವ ಬಲ, ಸುರಕ್ಷತೆಯ ಅಂತರವನ್ನು ಇನ್ನೂ ಕಳೆದಿರುವುದಿಲ್ಲ; ಅಮೆರಿಕದ 2100ರಲ್ಲಿ ಕಳೆದೇ ಇರುತ್ತದೆ. ಹಾಗಾಗಿ ಈ ಎರಡನ್ನೂ ನೇರವಾಗಿ ಹೋಲಿಸಬೇಡಿ.

ಗ್ರೇಡ್ ಆದ ಹಲಗೆಯನ್ನು ಉದ್ದುದ್ದಕ್ಕೆ ಸೀಳಿದರೆ ಆ ಮುದ್ರೆಗೆ ಬೆಲೆ ಇಲ್ಲ. ನಡುವೆ ಇದ್ದ ಗಂಟು ಈಗ ಅಂಚಿಗೆ ಬಂತು, ಅಲ್ವಾ? ಅದನ್ನು ಭಾರ ಹೊರುವ ಕಡೆ ಹಾಕಬೇಕಾದರೆ ಮತ್ತೆ ಗ್ರೇಡ್ ಮಾಡಿಸಿ.